ನಿಮ್ಮಪ್ಪನ ಫೋನಿನಲ್ಲಿರೋ ಬ್ರೌಸರ್ ಯಾವುದು? ನಾಗಮಂಗಲದಿಂದ ಕೇಳಬೇಕಾದ ರಾಜಕೀಯ ಪ್ರಶ್ನೆ

2025ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ಟಿಗೆ ಸಂಬಂಧಿಸಿದ ಮೂರು ಸಂಗತಿಗಳು ಒಟ್ಟೊಟ್ಟಿಗೆ ಬಂದವು. 14ನೇ ತಾರೀಕು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. 31ನೇ ತಾರೀಕಿನೊಳಗೆ ದೇಶದ ಬ್ಯಾಂಕುಗಳು ತಮ್ಮ ವೆಬ್‌ಸೈಟುಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಸಾಗಿಸಬೇಕು ಅಂತ ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಇವುಗಳ ನಡುವೆ ಇನ್ನೊಂದು: ಕೇಂದ್ರ ಐಟಿ ಸಚಿವ ಅಶ್ವಿನಿ ವೈಷ್ಣವ್ ತಾವು ಜೋಹೊ ತಂತ್ರಾಂಶಗಳಿಗೆ ಬದಲಾಗ್ತಿರೋದಾಗಿ ಸೆಪ್ಟೆಂಬರ್‌ನಲ್ಲಿ ಹೇಳಿದ ಮೇಲೆ, ಆ ಕಂಪನಿಯ ‘ಉಲಾ’ ಬ್ರೌಸರ್ ಸ್ವದೇಶಿ ಅಭಿಮಾನದ ಗುರುತಾಯಿತು.

ನಮ್ಮ ಟೈಮ್‌ಲೈನ್‌ಗಳಲ್ಲಿ ಜಗಳ ನಡೆದದ್ದು ಮೂರನೆಯದರ ಬಗ್ಗೆ ಮಾತ್ರ. ಕ್ರೋಮ್ ಬಿಟ್ಟರೆ ದೇಶಭಕ್ತಿ, ಬಿಡದಿದ್ದರೆ ಗುಲಾಮಗಿರಿ ಅನ್ನೋ ಮಟ್ಟಕ್ಕೆ ಮಾತು ಹೋಯಿತು. ಆದರೆ ಮಂಡ್ಯ ಜಿಲ್ಲೆಯ ನಾಗಮಂಗಲದಂಥ ತಾಲ್ಲೂಕಿನಲ್ಲಿ ನಿಂತು ನೋಡಿದರೆ, ಮೊದಲೆರಡು ಸಂಗತಿಗಳೇ ಜನರ ದುಡ್ಡಿಗೂ ದಾಖಲೆಗೂ ಹತ್ತಿರದವು. ಬ್ರೌಸರ್ ಆಯ್ಕೆ ಮುಖ್ಯ, ಒಪ್ಪೋಣ. ಆದರೆ ಅಳತೆಗೋಲು ಅದರ ರಾಷ್ಟ್ರೀಯತೆ ಆಗಬಾರದು. ಕೇಳಬೇಕಾದ್ದು ಮೂರೇ ಪ್ರಶ್ನೆ: ಇದಕ್ಕೆ ಮುಂದಿನ ತಿಂಗಳೂ ಸುರಕ್ಷತಾ ಅಪ್‌ಡೇಟ್ ಬರುತ್ತಾ? ಯಾವ ಸೈಟನ್ನು ನಂಬಬೇಕು ಅಂತ ಇದರೊಳಗೆ ತೀರ್ಮಾನ ಮಾಡೋದು ಯಾರು? ಇದರಲ್ಲಿ ಸರ್ಕಾರಿ ಸೈಟ್ ತೆರೆಯುತ್ತಾ?

ಫೋನು ಹಳೇದಾದಂತೆ ಊರಿಗೆ ಹೋಗುತ್ತೆ

ಮಂಡ್ಯ ಅಂದರೆ ಕಾಲುವೆ, ಕಬ್ಬು ಅಂದುಕೊಂಡವರಿಗೆ ನಾಗಮಂಗಲ ಬೇರೆಯೇ ಚಿತ್ರ ತೋರಿಸುತ್ತೆ. ಮಳೆ ನಂಬಿಕೊಂಡ ರಾಗಿ, ತೆಂಗು, ಮನೆಗೊಬ್ಬರು ಬೆಂಗಳೂರಲ್ಲಿ. ಬೆಳ್ಳೂರು ಕ್ರಾಸ್‌ನಲ್ಲಿ ಬಸ್ ಹತ್ತಿ ಹೋದ ಮಗ ಎರಡು-ಮೂರು ವರ್ಷಕ್ಕೊಮ್ಮೆ ಹೊಸ ಫೋನ್ ತಗೋತಾನೆ. ಹಳೇದು ತಮ್ಮನಿಗೆ, ಆಮೇಲೆ ಅಮ್ಮನಿಗೆ, ಕೊನೆಗೆ ಅಪ್ಪನಿಗೆ. ಅಂದರೆ ಪಹಣಿ ನೋಡೋದು, ಪಿಎಂ ಕಿಸಾನ್ ಇ-ಕೆವೈಸಿ ಮಾಡೋದು, ಗೃಹಲಕ್ಷ್ಮಿಯ 2000 ರೂಪಾಯಿ ಬಂತಾ ಅಂತ ಪರೀಕ್ಷಿಸೋದು, ಇವೆಲ್ಲ ನಡೆಯೋದು ಮನೆಯಲ್ಲಿರೋ ಅತಿ ಹಳೆಯ ಯಂತ್ರದಲ್ಲಿ. ಫೋನ್ ಇಲ್ಲದವರು ಗ್ರಾಮ ಒನ್‌ಗೋ ಪೇಟೆಯ ಝೆರಾಕ್ಸ್ ಅಂಗಡಿಗೋ ಹೋಗ್ತಾರೆ. ಅಲ್ಲೂ ಎಷ್ಟೋ ಕಡೆ ಕಂಪ್ಯೂಟರ್ ಹಳೇದೇ.

ಈ ಯಂತ್ರಗಳಲ್ಲಿ ಬಳಕೆಯಾಗೋದು ಅದರ ಜೊತೆಗೇ ಬಂದ ಬ್ರೌಸರ್. ಯಾರೂ ಆರಿಸಿಕೊಂಡದ್ದಲ್ಲ. ನೀಲಿ ಗೋಲವೋ ಬಣ್ಣದ ಚಕ್ರವೋ, ಪೆಟ್ಟಿಗೆ ತೆಗೆದ ದಿನ ಪರದೆ ಮೇಲೆ ಇದ್ದದ್ದನ್ನೇ ‘ಇಂಟರ್ನೆಟ್’ ಅಂತ ಕರೀತೀವಿ. ಹೊಸ ಫೋನಿನಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಶುರುವಾಗೋದು ಫೋನಿನ ವಯಸ್ಸು ಐದು ದಾಟಿದ ಮೇಲೆ.

ಒಂದು ಉದಾಹರಣೆ ಸಾಕು. 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 139ರಿಂದ ಆಚೆಗೆ ಆ ಬ್ರೌಸರ್‌ಗೆ ಕನಿಷ್ಠ ಆಂಡ್ರಾಯ್ಡ್ 10 ಬೇಕು. ಆಂಡ್ರಾಯ್ಡ್ 8 ಅಥವಾ 9 ಇರೋ ಫೋನಿನಲ್ಲಿ ಕ್ರೋಮ್ ತೆರೆಯುತ್ತೆ, ಸೈಟುಗಳೂ ಬರುತ್ತವೆ, ಆದರೆ ಹೊಸದಾಗಿ ಸಿಕ್ಕ ಸುರಕ್ಷತಾ ದೋಷಗಳಿಗೆ ತೇಪೆ ಬರೋದಿಲ್ಲ. ಅದೇ ಫೋನಿಗೆ ಫೈರ್‌ಫಾಕ್ಸ್ ಹಾಕಿದರೆ ಅಪ್‌ಡೇಟ್ ಬರ್ತಾ ಇದೆ. ವಿಂಡೋಸ್ 7 ಇರೋ ಅಂಗಡಿ ಕಂಪ್ಯೂಟರಿನದ್ದೂ ಇದೇ ಕಥೆ. 2023ರ ಆರಂಭದ 109ನೇ ಆವೃತ್ತಿಗೇ ಅಲ್ಲಿ ಕ್ರೋಮ್ ನಿಂತಿತು. ಮೊಜಿಲ್ಲಾ ಮಾತ್ರ ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿಗೆ ಗಡುವನ್ನು ಮತ್ತೆ ಮತ್ತೆ ಮುಂದೂಡಿ ತೇಪೆ ಕೊಡ್ತಾ ಬಂತು. ಹೊಸ ಯಂತ್ರ ಕೊಳ್ಳೋಕೆ ಆಗದವರಿಗೆ ಬದಲಿ ಬ್ರೌಸರ್ ಅಂದರೆ ಶೋಕಿ ಅಲ್ಲ, ಇನ್ನೂ ಸ್ವಲ್ಪ ವರ್ಷದ ರಕ್ಷಣೆ.

ಬೀಗದ ಹಿಂದಿನ ಪಟ್ಟಿ

ಸುರಕ್ಷಿತ ಸೈಟ್ ಅಂತ ಬ್ರೌಸರ್ ಹೇಳೋದು ಹೇಗೆ? ನಾಡಕಚೇರಿಯ ಭಾಷೆಯಲ್ಲಿ ಹೇಳ್ತೀನಿ. ನಿಮ್ಮ ಆದಾಯ ಪ್ರಮಾಣಪತ್ರವನ್ನು ಕಾಲೇಜಿನವರು ಒಪ್ಪೋದು ನಿಮ್ಮ ಮುಖ ನೋಡಿ ಅಲ್ಲ, ಅದರ ಮೇಲಿರೋ ತಹಶೀಲ್ದಾರ್ ಸಹಿ ನೋಡಿ. ಯಾರ ಸಹಿ ಒಪ್ಪಬೇಕು ಅನ್ನೋ ಪಟ್ಟಿ ಕಾಲೇಜಿನ ಹತ್ತಿರ ಮೊದಲೇ ಇರುತ್ತೆ. ವೆಬ್‌ಸೈಟೂ ಹಾಗೇ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತೆ. ಅದಕ್ಕೆ ಸಹಿ ಹಾಕಿದ ಸಂಸ್ಥೆ ತನ್ನ ಪಟ್ಟಿಯಲ್ಲಿದ್ದರೆ ಬ್ರೌಸರ್ ಒಳಗೆ ಬಿಡುತ್ತೆ, ಇಲ್ಲದಿದ್ದರೆ ಕೆಂಪು ಎಚ್ಚರಿಕೆ ತೋರಿಸುತ್ತೆ. ಈ ಪಟ್ಟಿಗೆ ರೂಟ್ ಸ್ಟೋರ್ ಅಂತಾರೆ. ಜಗತ್ತಿನ ನೂರಕ್ಕೂ ಹೆಚ್ಚು ಮೂಲಪತ್ರಗಳು ಅದರಲ್ಲಿರುತ್ತವೆ. ಅಪಾಯ ಇರೋದು ಇಲ್ಲೇ: ಪಟ್ಟಿಯಲ್ಲಿರೋ ಯಾವ ಸಂಸ್ಥೆ ಬೇಕಾದರೂ ಯಾವ ಸೈಟಿನ ಹೆಸರಿಗೆ ಬೇಕಾದರೂ ಸಹಿ ಹಾಕಬಹುದು. ಒಂದು ಕಳ್ಳ ಸಹಿ ಸಾಕು, ನಕಲಿ ಜಿಮೇಲ್ ಕೂಡ ಅಸಲಿಯಂತೆ ಕಾಣುತ್ತೆ.

ಈ ಪಟ್ಟಿ ಎಲ್ಲ ಬ್ರೌಸರ್‌ಗೂ ಒಂದೇ ಅಲ್ಲ. ಫೈರ್‌ಫಾಕ್ಸ್ ಮೊದಲಿನಿಂದಲೂ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಕ್ರೋಮ್ ಬಹುಕಾಲ ವಿಂಡೋಸ್ ಅಥವಾ ಆಂಡ್ರಾಯ್ಡ್‌ನ ಪಟ್ಟಿಯನ್ನೇ ನಂಬಿಕೊಂಡಿತ್ತು, 2022ರಿಂದ ಹಂತಹಂತವಾಗಿ ಸ್ವಂತ ಪಟ್ಟಿಗೆ ಬದಲಾಯಿತು. ಈ ವ್ಯತ್ಯಾಸ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಥರ ಕಾಣಬಹುದು. ಆದರೆ ಅದು ಎಷ್ಟು ಗಂಭೀರ ಅಂತ ಜಗತ್ತಿಗೆ ತೋರಿಸಿದ ಪ್ರಕರಣಗಳಲ್ಲಿ ಒಂದು ನಮ್ಮ ದೇಶದ್ದೇ.

2014ರ ಜುಲೈ. ನಮ್ಮ ಸರ್ಕಾರಿ ಸೈಟುಗಳನ್ನು ನಡೆಸೋ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿ, ಹೆಸರಿನಲ್ಲಿ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿವೆ ಅಂತ ಜುಲೈ 2ರಂದು ಗೂಗಲ್‌ಗೆ ಗೊತ್ತಾಯಿತು. ಎನ್‌ಐಸಿಗೆ ಆ ಅಧಿಕಾರ ಬಂದದ್ದು ಐಟಿ ಕಾಯ್ದೆ 2000ರ ಅಡಿ ಇರೋ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್, ಅಂದರೆ ಸಿಸಿಎ, ಮೂಲಕ. ಸಿಸಿಎಯ ಮೂಲಪತ್ರ ವಿಂಡೋಸ್ ಪಟ್ಟಿಯಲ್ಲಿತ್ತು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆ ನಕಲಿಗಳನ್ನು ಅಸಲಿ ಅಂತಲೇ ಒಪ್ಪುವಂತಿತ್ತು. ವಿಂಡೋಸ್ ಮೇಲಿನ ಕ್ರೋಮ್‌ನಲ್ಲಿ ಗೂಗಲ್‌ನ ಹಲವು ಸೈಟುಗಳಿಗೆ ಮಾತ್ರ ಪ್ರತ್ಯೇಕ ರಕ್ಷಣೆ ಇತ್ತು. ಫೈರ್‌ಫಾಕ್ಸ್‌ನ ಸ್ವಂತ ಪಟ್ಟಿಯಲ್ಲಿ ಸಿಸಿಎ ಇರಲೇ ಇಲ್ಲ. ಅಂದರೆ ಒಂದೇ ಕಂಪ್ಯೂಟರ್, ಪಕ್ಕಪಕ್ಕದ ಎರಡು ಐಕಾನ್. ಒಂದನ್ನು ಒತ್ತಿದವನಿಗೆ ನಕಲಿ ಸೈಟೂ ಸುರಕ್ಷಿತ ಅಂತ ಕಾಣಬಹುದಿತ್ತು, ಇನ್ನೊಂದನ್ನು ಒತ್ತಿದವನಿಗೆ ಕೆಂಪು ಎಚ್ಚರಿಕೆ ಬರ್ತಿತ್ತು.

ಆ ಪ್ರಮಾಣಪತ್ರಗಳನ್ನು ಸಿಸಿಎ ಬೇಗ ರದ್ದು ಮಾಡಿತು. ಎನ್‌ಐಸಿಯ ವಿತರಣಾ ವ್ಯವಸ್ಥೆಗೇ ಕನ್ನ ಬಿದ್ದಿತ್ತು ಅಂತ ತಿಳಿಸಿತು. ಗೂಗಲ್ ಆಮೇಲೆ ಸಿಸಿಎ ಮೂಲಪತ್ರವನ್ನು ‘ಡಾಟ್ ಗವ್ ಡಾಟ್ ಇನ್’, ‘ಡಾಟ್ ಎನ್‌ಐಸಿ ಡಾಟ್ ಇನ್’, ‘ಡಾಟ್ ಎಸಿ ಡಾಟ್ ಇನ್’ ಸೇರಿ ಏಳು ವಿಳಾಸಗಳಿಗಷ್ಟೇ ಸೀಮಿತಗೊಳಿಸೋ ನಿರ್ಧಾರ ಮಾಡಿತು. ಇವತ್ತು ಬಹುತೇಕ ಸರ್ಕಾರಿ ಸೈಟುಗಳು ವಿದೇಶಿ ಸಂಸ್ಥೆಗಳ ಪ್ರಮಾಣಪತ್ರವನ್ನು ದುಡ್ಡು ಕೊಟ್ಟು ತರೋದರ ಹಿಂದೆ ಈ ಇತಿಹಾಸವೂ ಇದೆ.

ಪಟ್ಟಿಗೂ ವಯಸ್ಸಾಗುತ್ತೆ

ಪಟ್ಟಿಯಲ್ಲಿ ಕೆಟ್ಟವರು ಸೇರೋದು ಒಂದು ತೊಂದರೆ. ಒಳ್ಳೆಯವರು ಸೇರದೇ ಇರೋದು ಇನ್ನೊಂದು. ‘ಲೆಟ್ಸ್ ಎನ್‌ಕ್ರಿಪ್ಟ್’ ಅನ್ನೋ ಲಾಭರಹಿತ ಸಂಸ್ಥೆ ಕೋಟಿಗಟ್ಟಲೆ ಸೈಟುಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುತ್ತೆ. ಸಣ್ಣ ಪತ್ರಿಕೆ, ಸಹಕಾರ ಸಂಘ, ಶಾಲೆಯ ಸೈಟುಗಳಿಗೆ ಅದೇ ಆಸರೆ. ಅದರ ಸ್ವಂತ ಮೂಲಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಆ ಸಂಸ್ಥೆಯೇ ಕೊಟ್ಟ ಅಂಕಿ ಪ್ರಕಾರ ಆಂಡ್ರಾಯ್ಡ್ ಸಾಧನಗಳಲ್ಲಿ 33.8 ಶೇಕಡಾ ಇಂಥವು. ಅಂಥ ಫೋನ್ ಇರೋರಿಗೆ ಅದು ಕೊಟ್ಟ ಸಲಹೆ: ಫೈರ್‌ಫಾಕ್ಸ್ ಹಾಕ್ಕೊಳ್ಳಿ, ಅದು ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತೆ.

ಬೇರೊಂದು ಸಂಸ್ಥೆಯ ಅಡ್ಡಸಹಿಯ ಮೂಲಕ ಹಳೆಯ ಫೋನುಗಳಿಗೆ 2024ರ ಸೆಪ್ಟೆಂಬರ್ 30ರವರೆಗೆ ಜೀವದಾನ ಸಿಕ್ಕಿತು. ಆಮೇಲೆ ಆ ಬಾಗಿಲೂ ಮುಚ್ಚಿತು. ಈಗ ಅಂಥ ಫೋನಿನಲ್ಲಿ ಎಷ್ಟೋ ಪ್ರಾಮಾಣಿಕ ಸೈಟುಗಳಿಗೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅನ್ನೋ ಎಚ್ಚರಿಕೆ ಬರಬಹುದು.

ಇದರ ಸಾಮಾಜಿಕ ಪರಿಣಾಮ ತಾಂತ್ರಿಕ ಪರಿಣಾಮಕ್ಕಿಂತ ಕೆಟ್ಟದ್ದು. ನಾಗಮಂಗಲ ಪೇಟೆಯ ಸೈಬರ್ ಅಂಗಡಿಯೊಂದರಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಎಚ್ಚರಿಕೆ ಬಂದಾಗ ಆಪರೇಟರ್ ಓದೋದೇ ಇಲ್ಲ. ‘ಅಡ್ವಾನ್ಸ್ಡ್’, ‘ಪ್ರೊಸೀಡ್’, ಎರಡು ಕ್ಲಿಕ್. ಹೊರಗೆ ಸಾಲು ನಿಂತಿದೆ, ಪ್ರತಿ ಅರ್ಜಿಗೆ ಸಿಗೋದು ಸಣ್ಣ ಮೊತ್ತ, ಬೇರೇನು ಮಾಡ್ತಾನೆ? ಸುಳ್ಳು ಎಚ್ಚರಿಕೆಗಳು ನೂರು ಬಂದ ಮೇಲೆ ನಿಜವಾದ ಒಂದು ಎಚ್ಚರಿಕೆಗೂ ಅದೇ ಎರಡು ಕ್ಲಿಕ್. ತೋಳ ಬಂತು ತೋಳ ಕಥೆ ನಮಗೆಲ್ಲ ಗೊತ್ತಲ್ಲ, ಇಲ್ಲಿ ಕೂಗ್ತಿರೋದು ಹಳೇ ಬ್ರೌಸರ್, ಕಳೆದುಹೋಗೋದು ಯಾರದ್ದೋ ಆಧಾರ್ ಒಟಿಪಿ.

ಒಂದೇ ಬ್ರೌಸರ್‌ಗೆ ಕಟ್ಟಿಹಾಕೋ ಸರ್ಕಾರ

ಎಲ್ಲ ಹೊಣೆಯನ್ನೂ ಬಳಕೆದಾರನ ಮೇಲೆ ಹಾಕಿದರೆ ಅನ್ಯಾಯ. ವರ್ಷಗಳ ಕಾಲ ನಮ್ಮ ಹಲವು ಸರ್ಕಾರಿ ಸೈಟುಗಳ ಅಡಿಯಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಉತ್ತಮವಾಗಿ ಕಾಣುತ್ತದೆ’ ಅನ್ನೋ ಸಾಲು ಇತ್ತು. ಟೆಂಡರ್ ಹಾಕೋಕೆ, ತೆರಿಗೆ ಕಡತ ಸಲ್ಲಿಸೋಕೆ ಡಿಜಿಟಲ್ ಸಹಿ ಬೇಕಾದಾಗ ಹಳೆಯ ಜಾವಾ, ಆಕ್ಟಿವ್ಎಕ್ಸ್ ಹಾಕ್ಕೊಂಡು, ಸುರಕ್ಷತಾ ಸೆಟ್ಟಿಂಗ್ ಕಡಿಮೆ ಮಾಡ್ಕೊಂಡು ಕೂರಬೇಕಿತ್ತು. ಸುರಕ್ಷತೆಗಾಗಿ ಮಾಡಿದ ವ್ಯವಸ್ಥೆಯೇ ನಾಗರಿಕರಿಗೆ ಅಸುರಕ್ಷಿತ ಯಂತ್ರ ಇಟ್ಟುಕೊಳ್ಳೋಕೆ ಹೇಳ್ತಿತ್ತು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ತೆರೆ ಎಳೆದ ಮೇಲೆ, ಬೇರೆ ದಾರಿ ಇಲ್ಲದೆ ಕೊನೆಯ ಸೈಟುಗಳೂ ಬದಲಾಗಬೇಕಾಯಿತು.

ಈ ದಾರಿ ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ ದಕ್ಷಿಣ ಕೊರಿಯಾ ಇದೆ. 1990ರ ದಶಕದಲ್ಲಿ ಅಮೆರಿಕ ಬಲವಾದ ಗೂಢಲಿಪಿ ತಂತ್ರಾಂಶದ ರಫ್ತಿಗೆ ಮಿತಿ ಹಾಕಿತ್ತು. ಕೊರಿಯಾ ತನ್ನದೇ ಗೂಢಲಿಪಿ ‘ಸೀಡ್’ ರೂಪಿಸಿತು. ಸ್ವಾಭಿಮಾನದ, ಆಗಿನ ಮಟ್ಟಿಗೆ ಸರಿಯಾದ ಹೆಜ್ಜೆ. ಆದರೆ ಅದನ್ನು ಬಳಕೆಗೆ ತಂದದ್ದು ಆಕ್ಟಿವ್ಎಕ್ಸ್ ಮೂಲಕ, ಅದು ನಡೆಯೋದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಫಲಿತಾಂಶವಾಗಿ ಇಡೀ ದೇಶದ ಬ್ಯಾಂಕಿಂಗ್, ಶಾಪಿಂಗ್, ಸರ್ಕಾರಿ ಸೇವೆ ಎರಡು ದಶಕದ ಹತ್ತಿರ ಒಂದು ಅಮೆರಿಕನ್ ಕಂಪನಿಯ ಒಂದೇ ಬ್ರೌಸರ್‌ಗೆ ಗಂಟುಬಿತ್ತು. ಆ ಕಡ್ಡಾಯ ಪ್ರಮಾಣಪತ್ರ ವ್ಯವಸ್ಥೆಯ ವಿಶೇಷ ಸ್ಥಾನ ಕೊನೆಗೊಂಡದ್ದು 2020ರ ಡಿಸೆಂಬರ್‌ನಲ್ಲಿ. ಸ್ವದೇಶಿ ಅಂತ ಶುರು ಮಾಡಿದ್ದು ಪೂರ್ತಿ ಪರಾವಲಂಬನೆಯಾಗಿ ಮುಗೀತು. ಉಲಾ ಬಗ್ಗೆ ಜೈಕಾರ ಹಾಕೋರು ಈ ಅಧ್ಯಾಯವನ್ನು ಓದಬೇಕು.

‘ಬೇರೆ’ ಅಂದಾಕ್ಷಣ ‘ಒಳ್ಳೇದು’ ಅಲ್ಲ

ಹಾಗಂತ ಸಿಕ್ಕ ಸಿಕ್ಕ ಬ್ರೌಸರ್ ಇಳಿಸಿಕೊಳ್ಳಿ ಅಂತ ಹೇಳ್ತಿಲ್ಲ. ಯುಸಿ ಬ್ರೌಸರ್ ನೆನಪಿದೆಯಾ? ಡೇಟಾ ದುಬಾರಿಯಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳ ಫೋನಿನಲ್ಲೆಲ್ಲ ಅದೇ. ಜನ ತಾವೇ ಆರಿಸಿಕೊಂಡ ಬದಲಿ ಬ್ರೌಸರ್ ಅದು. 2015ರ ಮೇನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಅದು ಬಳಕೆದಾರರ ಗುರುತಿನ ಮಾಹಿತಿಯನ್ನು ಸರಿಯಾದ ಗೂಢಲಿಪಿ ಇಲ್ಲದೆ ಕಳಿಸ್ತಿದೆ ಅಂತ ತೋರಿಸಿತು. ಭಾರತ ಸರ್ಕಾರ ಅದನ್ನು ನಿಷೇಧಿಸಿದ್ದು 2020ರ ಜೂನ್ 29ರ 59 ಆ್ಯಪ್‌ಗಳ ಪಟ್ಟಿಯಲ್ಲಿ, ಗಡಿ ಸಂಘರ್ಷದ ಬಿಸಿಯಲ್ಲಿ. ಲೋಪ ಬಯಲಾದದ್ದಕ್ಕೂ ನಿಷೇಧಕ್ಕೂ ನಡುವೆ ಐದು ವರ್ಷ. ಅದೇ 2020ರಲ್ಲಿ, ಶವೋಮಿ ಫೋನಿನ ಜೊತೆಗೇ ಬರೋ ಬ್ರೌಸರ್ ಇನ್‌ಕಾಗ್ನಿಟೊದಲ್ಲೂ ನೋಡಿದ ಸೈಟುಗಳ ವಿವರ ಕಳಿಸುತ್ತೆ ಅಂತ ಸಂಶೋಧಕರು ಫೋರ್ಬ್ಸ್ ಮೂಲಕ ಹೇಳಿದರು. ಕಂಪನಿ ಆರೋಪ ಒಪ್ಪಲಿಲ್ಲ, ಆದರೆ ಆ ಸಂಗ್ರಹವನ್ನು ನಿಲ್ಲಿಸೋ ಆಯ್ಕೆಯೊಂದನ್ನು ಅಪ್‌ಡೇಟ್‌ನಲ್ಲಿ ಸೇರಿಸಿತು.

ಇನ್ನೊಂದು ಎಚ್ಚರ. ಬೀಗದ ಗುರುತು ಇದ್ದರೆ ಸೈಟ್ ಸಾಚಾ ಅಂತಲ್ಲ, ನಡುವೆ ಯಾರೂ ಕದ್ದು ಕೇಳ್ತಿಲ್ಲ ಅಂತ ಮಾತ್ರ. ಕಳ್ಳನ ಸೈಟಿಗೂ ಬೀಗ ಸಿಗುತ್ತೆ. ಜನ ಇದನ್ನು ತಪ್ಪು ತಿಳಿದುಕೊಳ್ತಾರೆ ಅಂತಲೇ ಕ್ರೋಮ್ 2023ರ ಸೆಪ್ಟೆಂಬರ್‌ನಲ್ಲಿ ಬೀಗದ ಚಿತ್ರವನ್ನೇ ತೆಗೆದುಹಾಕಿತು. ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಗಡಿಬಿಡಿಯಲ್ಲಿ ನಕಲಿ ಸೈಟುಗಳು ಹುಟ್ಟಿಕೊಂಡಾಗ ಯಾವ ಬ್ರೌಸರೂ ಪೂರ್ತಿ ಕಾಪಾಡುವಂತಿರಲಿಲ್ಲ. ಅಲ್ಲಿ ಬೇಕಾದ್ದು ವಿಳಾಸದ ಬಾಲ ನೋಡೋ ಅಭ್ಯಾಸ. ಆ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕಿನ ‘ಡಾಟ್ ಬ್ಯಾಂಕ್ ಡಾಟ್ ಇನ್’ ಒಳ್ಳೆ ಕೆಲಸ, ಯಾಕಂದರೆ ಬ್ಯಾಂಕುಗಳ ಹೊರತು ಬೇರೆಯವರಿಗೆ ಆ ಬಾಲ ಸಿಗೋದಿಲ್ಲ.

ಆಯ್ಕೆ ಇದೆ ಅಂತಾರೆ, ತೆಗೆಯೋಕೆ ಬಿಡಲ್ಲ

2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಬೇಕಾದರೆ ಕ್ರೋಮ್ ಸೇರಿ ಗೂಗಲ್‌ನ ಇಡೀ ಆ್ಯಪ್ ಕಟ್ಟನ್ನು ಫೋನ್ ಕಂಪನಿಗಳು ಹಾಕಲೇಬೇಕು ಅನ್ನೋ ಷರತ್ತು ತಪ್ಪು ಅನ್ನೋದು ಅದರ ಒಂದು ಮುಖ್ಯ ತೀರ್ಮಾನ. ಮೊದಲೇ ಬಂದ ಆ್ಯಪ್‌ಗಳನ್ನು ಬಳಕೆದಾರ ಪೂರ್ತಿ ತೆಗೆದುಹಾಕೋಕೆ ಅಡ್ಡಿ ಮಾಡಬಾರದು ಅಂತಲೂ ಆದೇಶದಲ್ಲಿತ್ತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ತೆಗೆದುಹಾಕೋ ಹಕ್ಕು ಆ ನಾಲ್ಕರಲ್ಲೊಂದು.

ನಮಗೆ ಸಿಕ್ಕದ್ದು ಸರ್ಚ್ ಎಂಜಿನ್ ಆರಿಸೋ ಪರದೆ. ಯುರೋಪಿನಲ್ಲಿ 2024ರ ಮಾರ್ಚ್‌ನಿಂದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಡಿ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಬ್ರೌಸರನ್ನೇ ಆರಿಸೋ ಪರದೆ ಬಂದಿದೆ. ಪ್ಯಾರಿಸ್‌ನವನಿಗೆ ಕೇಳೋ ಪ್ರಶ್ನೆಯನ್ನು ಪಾಂಡವಪುರದವನಿಗೆ ಯಾಕೆ ಕೇಳಲ್ಲ?

ಸ್ವದೇಶಿ ಪಟ್ಟಿಯ ಪ್ರಶ್ನೆ

ಈಗ ಉಲಾಗೆ ಬರೋಣ. ಐಟಿ ಸಚಿವಾಲಯ, ಸಿಸಿಎ ಮತ್ತು ಬೆಂಗಳೂರಿನ ಸಿ-ಡ್ಯಾಕ್ ಸೇರಿ 2023ರ ಆಗಸ್ಟ್‌ನಲ್ಲಿ ಭಾರತೀಯ ಬ್ರೌಸರ್ ಸ್ಪರ್ಧೆ ಘೋಷಿಸಿದವು. ಒಟ್ಟು ಮೊತ್ತ 3.41 ಕೋಟಿ ರೂಪಾಯಿ. 2025ರ ಮಾರ್ಚ್‌ನಲ್ಲಿ ಜೋಹೊ ಮೊದಲ ಸ್ಥಾನದ 1 ಕೋಟಿ ಗೆದ್ದಿತು. ಸ್ಪರ್ಧೆಯ ಮುಖ್ಯ ಷರತ್ತುಗಳಲ್ಲೊಂದು: ಬ್ರೌಸರ್ ತನ್ನದೇ ಪಟ್ಟಿ ಇಟ್ಟುಕೊಳ್ಳಬೇಕು, ಅದರಲ್ಲಿ ಸಿಸಿಎ ಮೂಲಪತ್ರ ಇರಬೇಕು.

ವಿದೇಶಿ ಸಂಸ್ಥೆಗಳ ಸಹಿಯ ಮೇಲೆ ಇಡೀ ದೇಶದ ಸರ್ಕಾರಿ ಸೈಟುಗಳು ನಿಂತಿರೋದು ನಿಜಕ್ಕೂ ದೌರ್ಬಲ್ಯ. ಅದನ್ನು ಅಲ್ಲಗಳೆಯಲ್ಲ. ಆದರೆ ಪಟ್ಟಿಗೆ ಸೇರೋಕೆ ಎರಡು ದಾರಿ ಇವೆ. ಒಂದು, ಬಹಿರಂಗ ಲೆಕ್ಕಪರಿಶೋಧನೆ, ಬಹಿರಂಗ ಚರ್ಚೆ, ತಪ್ಪಾದರೆ ಬಹಿರಂಗ ವಿವರಣೆ. ಬೆಂಗಳೂರಿನ ಇ-ಮುದ್ರಾ ಕಂಪನಿಯ ‘ಎಮ್‌ಸೈನ್’ ಮೂಲಪತ್ರ ಈ ದಾರಿಯಲ್ಲೇ ಹೋಗಿ ಮೊಜಿಲ್ಲಾ ಪಟ್ಟಿ ಸೇರಿತು. ಭಾರತೀಯರಿಗೆ ಬಾಗಿಲು ಮುಚ್ಚಿದೆ ಅನ್ನೋ ಮಾತು ಹಾಗಾಗಿ ನಿಲ್ಲೋದಿಲ್ಲ. ಇನ್ನೊಂದು, ಪರೀಕ್ಷೆ ಬಿಟ್ಟು ನಮ್ಮದೇ ಬ್ರೌಸರ್ ಮಾಡಿ ನಮ್ಮನ್ನು ನಾವೇ ಪಾಸ್ ಮಾಡಿಕೊಳ್ಳೋದು.

ಎರಡನೇ ದಾರಿಯ ಕೊನೆಗೆ ಏನಿದೆ ಅಂತ ಕಜಕಸ್ತಾನ್ ತೋರಿಸಿದೆ. 2019ರಲ್ಲಿ ಅಲ್ಲಿನ ಸರ್ಕಾರದ ಮೂಲಪತ್ರವನ್ನು ಫೋನಿಗೆ ಹಾಕ್ಕೊಳ್ಳಿ ಅಂತ ಜನರಿಗೆ ಹೇಳಲಾಯಿತು. ಹಾಕಿಕೊಂಡವರ ಗೂಢಲಿಪಿ ಸಂಪರ್ಕವನ್ನು ನಡುವೆಯೇ ಬಿಡಿಸಿ ಓದೋಕೆ ಅದು ದಾರಿಯಾಯಿತು. ಆಗಸ್ಟ್‌ನಲ್ಲಿ ಮೊಜಿಲ್ಲಾ, ಗೂಗಲ್, ಆ್ಯಪಲ್ ಮೂವರೂ ಅದನ್ನು ತಮ್ಮ ಬ್ರೌಸರ್‌ಗಳಲ್ಲಿ ತಡೆದರು. ಭಾರತ ಕಜಕಸ್ತಾನ್ ಅಲ್ಲ, ಸ್ಪರ್ಧೆಯ ಉದ್ದೇಶ ಕದ್ದು ಓದೋದು ಅಂತಲೂ ನಾನು ಹೇಳ್ತಿಲ್ಲ. ಆದರೆ 2014ರಲ್ಲಿ ಕನ್ನ ಬಿದ್ದ ವ್ಯವಸ್ಥೆಯ ಮೇಲೆ ಮತ್ತೆ ನಂಬಿಕೆ ಇಡಿ ಅನ್ನೋ ಸರ್ಕಾರ, ಆಮೇಲೆ ಏನೇನು ಸರಿಪಡಿಸಿದ್ದೀವಿ ಅಂತ ಜನರ ಮುಂದೆ ಇಡಬೇಕು. ಇನ್ನೂ ಒಂದು ಮಾತು: ಉಲಾ ನಿಂತಿರೋದು ಗೂಗಲ್ ಮುನ್ನಡೆಸೋ ಕ್ರೋಮಿಯಂ ಅಡಿಪಾಯದ ಮೇಲೆ. ಎಡ್ಜ್, ಬ್ರೇವ್, ಒಪೆರಾ ಕೂಡ ಅದರ ಮೇಲೇ. ಬಣ್ಣ ಬದಲಾದರೆ ಎಂಜಿನ್ ಬದಲಾಗಲ್ಲ.

ಏನು ಮಾಡಬೇಕು, ಏನು ಕೇಳಬೇಕು

ಮನೆ ಮಟ್ಟದಲ್ಲಿ ಮಾಡಬಹುದಾದ್ದು ಹತ್ತು ನಿಮಿಷದ ಕೆಲಸ. ಈ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನ ಫೋನಿನ ಆಂಡ್ರಾಯ್ಡ್ ಆವೃತ್ತಿ ನೋಡಿ. 8 ಅಥವಾ 9 ಇದ್ದರೆ ಪ್ಲೇ ಸ್ಟೋರ್‌ನಿಂದಲೇ ಫೈರ್‌ಫಾಕ್ಸ್ ಹಾಕಿ, ಡೀಫಾಲ್ಟ್ ಮಾಡಿ. ಅದರ ಮೆನು ಕನ್ನಡದಲ್ಲೂ ಸಿಗುತ್ತೆ. ಹೊಸ ಆಂಡ್ರಾಯ್ಡ್ ಇದ್ದರೆ ಅಪ್‌ಡೇಟ್ ಆಗ್ತಿರೋ ಯಾವ ಹೆಸರುವಾಸಿ ಬ್ರೌಸರ್ ಆದರೂ ಸರಿ. 7 ಅಥವಾ ಅದಕ್ಕಿಂತ ಹಳೇದಾದರೆ ಆ ಫೋನ್ ಮಾತಾಡೋಕೆ ಇರಲಿ, ದುಡ್ಡಿನ ವ್ಯವಹಾರಕ್ಕೆ ಬೇಡ. ಪಹಣಿ, ಬ್ಯಾಂಕ್, ಸೇವಾ ಸಿಂಧು ವಿಳಾಸಗಳನ್ನು ಬುಕ್‌ಮಾರ್ಕ್ ಮಾಡಿಕೊಡಿ, ಸರ್ಚ್ ಮಾಡಿ ಹೋಗೋ ಅಭ್ಯಾಸವೇ ನಕಲಿ ಸೈಟುಗಳ ಬಂಡವಾಳ. ಕೆಂಪು ಎಚ್ಚರಿಕೆ ಬಂದರೆ ಮುಂದೆ ಹೋಗದೆ ಫೋನ್ ಮಾಡಿ ಅಂತ ಹೇಳಿ.

ಆದರೆ ಇದಿಷ್ಟೇ ಸಾಕು ಅಂದರೆ, ಸರ್ಕಾರದ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಿದ ಹಾಗಾಗುತ್ತೆ. ಕೇಳಬೇಕಾದ್ದನ್ನು ಕೇಳೋಣ. ಇ-ಆಡಳಿತಕ್ಕೆ ಮುಕ್ತ ಮಾನದಂಡ ಅನ್ನೋ ನೀತಿ ಕೇಂದ್ರದಲ್ಲಿ 2010ರಿಂದ ಇದೆ, ಸರ್ಕಾರಿ ವೆಬ್‌ಸೈಟುಗಳು ಬೇರೆ ಬೇರೆ ಬ್ರೌಸರ್‌ಗಳಲ್ಲಿ ನಡೀಬೇಕು ಅನ್ನೋ ಮಾರ್ಗಸೂಚಿಯೂ ಇದೆ. ಭೂಮಿ, ಕಾವೇರಿ 2.0, ಸೇವಾ ಸಿಂಧು, ಇ-ಸ್ವತ್ತು ಸೈಟುಗಳನ್ನು ಕ್ರೋಮಿಯಂ ಅಲ್ಲದ ಎಂಜಿನ್‌ನಲ್ಲೂ ಪರೀಕ್ಷಿಸಿ, ಕನಿಷ್ಠ ಯಾವ ಆವೃತ್ತಿ ಬೇಕು ಅಂತ ಕನ್ನಡದಲ್ಲಿ ಪ್ರಕಟಿಸಲಿ. ಪ್ರತಿ ಗ್ರಾಮ ಒನ್ ಕೇಂದ್ರದಲ್ಲಿ ಬೆಂಬಲ ಇರೋ ಬ್ರೌಸರ್ ಇರೋದನ್ನು ತಪಾಸಣೆಯ ಭಾಗ ಮಾಡಲಿ, ಆಪರೇಟರ್ ಸ್ವಂತ ಖರ್ಚಲ್ಲಿ ಯಂತ್ರ ಬದಲಿಸಲಿ ಅಂತ ಕೂರೋದು ಬೇಡ. ಬ್ರೌಸರ್ ಆಯ್ಕೆಯ ಪರದೆ, ಮೊದಲೇ ಬಂದ ಆ್ಯಪ್ ತೆಗೆಯೋ ಹಕ್ಕು ನಮ್ಮ ಡಿಜಿಟಲ್ ಸ್ಪರ್ಧಾ ಕಾನೂನಿನ ಚರ್ಚೆಗೆ ಬರಲಿ. ಮುಂದೆ ಯಾವತ್ತಾದರೂ ‘ಈ ಸೇವೆಗೆ ಭಾರತೀಯ ಬ್ರೌಸರ್ ಕಡ್ಡಾಯ’ ಅನ್ನೋ ಸುತ್ತೋಲೆ ಬಂದರೆ, ಅದನ್ನು ವಿರೋಧಿಸೋಕೆ ಉಲಾ ಬಳಸೋರೂ ಜೊತೆ ಬರಲಿ.

ಪಡಿತರ, ಪಿಂಚಣಿ, ಖಾತೆ ಎಲ್ಲವನ್ನೂ ಪರದೆಯೊಳಗೆ ಇಟ್ಟ ರಾಜ್ಯ, ಆ ಪರದೆಗೆ ಹೋಗೋ ಬಾಗಿಲನ್ನು ಎಲ್ಲರಿಗೂ ತೆರೆದಿಡಬೇಕು. ಯಾವ ಬಾಗಿಲಿಂದ ಹೋಗಬೇಕು ಅಂತ ತೀರ್ಮಾನಿಸೋ ಅಧಿಕಾರ ಫೋನ್ ಮಾರಿದವನಿಗೂ ಬೇಡ, ಸೈಟ್ ಕಟ್ಟಿದವನಿಗೂ ಬೇಡ.